ಒಂದೇ ಭಾಷೆ ಎಂದು ಬರೆದ ಚೀಟಿ

ಹಲಸೂರಿನ ಮಾರುಕಟ್ಟೆ ಬೀದಿಯ ಹಿಂದೆ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಮಕ್ಕಳ ಡಾಕ್ಟರಾಗಿ ನಾನು ಮೂವತ್ತು ವರ್ಷ ಕೂತಿದ್ದೆ. ಜ್ವರಕ್ಕೆ, ಭೇದಿಗೆ, ನೆಗಡಿಗೆ ಬರೆದುಕೊಟ್ಟ ಚೀಟಿಗಳಿಗೆ ಲೆಕ್ಕವಿಲ್ಲ, ಅವು ಒಂದೂ ನೆನಪಿಲ್ಲ. ಔಷಧಿಯ ಹೆಸರೇ ಇಲ್ಲದ ಒಂದು ಚೀಟಿ ಮಾತ್ರ ನೆನಪಿದೆ. ಅದನ್ನು ಮರೆಯಲು ನಾನು ಸಾಕಷ್ಟು ಪ್ರಯತ್ನ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ.

ತೊಂಬತ್ತರ ದಶಕದಲ್ಲಿ ಕಂಟೋನ್ಮೆಂಟಿನ ಕಡೆಯ ನಮ್ಮಂಥ ಡಾಕ್ಟರುಗಳಿಗೆ ಒಂದು ಅಭ್ಯಾಸವಿತ್ತು. ಎರಡು ವರ್ಷ ದಾಟಿದರೂ ಮಗು ಮಾತಾಡುತ್ತಿಲ್ಲ ಎಂದು ತಾಯಿ ಬಂದರೆ ನಾವು ಮೊದಲು ಕೇಳುತ್ತಿದ್ದದ್ದು, ಮನೆಯಲ್ಲಿ ಎಷ್ಟು ಭಾಷೆ ಎಂದು. ಈ ಕಡೆ ಆ ಪ್ರಶ್ನೆಗೆ ಒಂದು ಎಂಬ ಉತ್ತರ ಯಾರ ಬಾಯಿಂದಲೂ ಬರುವುದಿಲ್ಲ. ಅಪ್ಪನದು ತೆಲುಗು, ಅಮ್ಮನದು ತಮಿಳು, ಮನೆ ಓನರದು ಉರ್ದು, ಅಂಗಡಿಯಲ್ಲಿ ಕನ್ನಡ, ಟೀವಿಯಲ್ಲಿ ಹಿಂದಿ. ಕೇಳಿದ ಕೂಡಲೇ ನಾವು ದೊಡ್ಡದಾಗಿ ತಲೆದೂಗುತ್ತಿದ್ದೆವು. "ಅದಕ್ಕೇ ನೋಡಿ, ಮಗು ಕನ್‌ಫ್ಯೂಸ್ ಆಗಿದೆ. ಮನೇಲಿ ಒಂದೇ ಭಾಷೆ ಮಾತಾಡಿ. ತಾನಾಗೇ ಮಾತು ಬರುತ್ತೆ."

ಇದನ್ನು ಹೇಳುತ್ತಿದ್ದ ನಾನು ಬೆಳೆದದ್ದು ಶಿವಾಜಿನಗರದಲ್ಲಿ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತಮಿಳು, ಬಜಾರಿನಲ್ಲಿ ದಖನಿ ಉರ್ದು, ಶಾಲೆಯಲ್ಲಿ ಇಂಗ್ಲಿಷು. ಒಂದು ದಿನವೂ ನನ್ನ ಬಾಯಿ ಕಟ್ಟಿದ್ದಿಲ್ಲ, ಬಾಯಿ ಮುಚ್ಚಿಸುವುದೇ ನಮ್ಮಮ್ಮನಿಗೆ ಕೆಲಸವಾಗಿತ್ತು. ನನ್ನ ಕ್ಲಿನಿಕ್ಕಿನ ಕಾಂಪೌಂಡರು ಐದು ಭಾಷೆಗಳಲ್ಲಿ ಬೈಯುತ್ತಿದ್ದ. ಕ್ಯೂನಲ್ಲಿ ಕೂತ ಮಕ್ಕಳೆಲ್ಲ ಅಮ್ಮನಿಗೊಂದು, ಪಕ್ಕದವರಿಗೊಂದು ಭಾಷೆಯಲ್ಲಿ ಕಿರುಚುತ್ತಿದ್ದರು. ಭಾಷೆ ಹೆಚ್ಚಾದರೆ ಮಾತು ನಿಲ್ಲುತ್ತದೆ ಎನ್ನುವುದಾದರೆ ಹಲಸೂರು ಪೂರ್ತಿ ಮೂಕವಾಗಬೇಕಿತ್ತು. ಕಣ್ಣೆದುರಿನ ಇಷ್ಟು ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ. ಹಿರಿಯ ಡಾಕ್ಟರೊಬ್ಬರು ಹೇಳುತ್ತಿದ್ದರು, ನಾನೂ ಹೇಳಿದೆ.

ಆ ಹುಡುಗಿಯನ್ನು ಮೊದಲು ನೋಡಿದಾಗ ಅವಳಿಗೆ ಎರಡೂವರೆ ವರ್ಷ. ತಾಯಿ ಕಲಬುರಗಿ ಕಡೆಯವಳು. ಗಂಡನಿಗೆ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ, ಅವಳು ಇಂದಿರಾನಗರದ ಎರಡು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ವಾಸ ಬೈಯಪ್ಪನಹಳ್ಳಿಯ ರೈಲ್ವೆ ಗೇಟಿನ ಹತ್ತಿರ, ಆರು ಕೋಣೆಗಳ ಒಂದು ವಠಾರದಲ್ಲಿ. ಹುಡುಗಿ ನನ್ನ ಮೇಜಿನ ಕೆಳಗೆ ಕೂತು, ಇಂಜೆಕ್ಷನ್ ಬಾಟಲಿಗಳ ಮುಚ್ಚಳಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದಳು. ಅಳು ಇಲ್ಲ, ಹಟ ಇಲ್ಲ. ಎಷ್ಟು ಒಳ್ಳೆಯ ಮಗು ಎಂದು ನಾನು ಹೊಗಳಿದೆ.

ತಾಯಿ ಹೊಗಳಿಕೆಗೆ ನಗಲಿಲ್ಲ. "ಕರದ್ರ ತಿರಗಿ ನೋಡಲ್ರಿ ಬಾಯಾರ," ಎಂದಳು. ತನಗಿಂತ ಮೇಲಿನ ಹೆಂಗಸರನ್ನು ಆ ಕಡೆಯವರು ಹಾಗೆ ಕರೆಯುತ್ತಾರೆ. "ಕಿವಿ ಛಲೋ ಅವ. ಬಿಸ್ಕೀಟಿನ ಪುಡಾ ಬಿಚ್ಚಿದ ಸಪ್ಪಳ ಆದ್ರ ಎಲ್ಲಿದ್ರೂ ಓಡಿ ಬರ್ತಾಳ. ಹೆಸರ ಹಿಡದು ಕರದ್ರ ಮಾತ್ರ ಬರಂಗಿಲ್ಲ. ಏನಾರ ಬೇಕಂದ್ರ ನನ್ನ ಕೈ ಹಿಡದು ಎಳೀತಾಳ, ಬೊಟ್ಟ ಮಾಡಿ ತೋರಸಲ್ಲ."

ಈಗ ನಾನು ಅಂಗನವಾಡಿ ಕಾರ್ಯಕರ್ತೆಯರಿಗೆ ಪಾಠ ಮಾಡುವಾಗ ಹೇಳುವ ಮುಖ್ಯ ಲಕ್ಷಣಗಳೆಲ್ಲ ಆ ನಾಲ್ಕು ಮಾತಿನಲ್ಲಿ ಇದ್ದವು. ಓದು ಬರಹ ಬಾರದ ಆ ಹೆಂಗಸು ತನ್ನ ಮಗಳನ್ನು ಓದಿಟ್ಟುಕೊಂಡು ಬಂದಿದ್ದಳು. ನನಗೆ ಹೊರಗೆ ಹದಿನೈದು ಜನ ಕಾಯುತ್ತಿದ್ದದ್ದಷ್ಟೇ ಕಾಣುತ್ತಿತ್ತು. ನಾನು ನನ್ನ ಪ್ರಶ್ನೆ ಕೇಳಿದೆ. ಎಷ್ಟು ಭಾಷೆ?

ಮನೆಯಲ್ಲಿ ಕನ್ನಡವೇ, ಹಗಲು ಮಾತ್ರ ಹುಡುಗಿ ಪಕ್ಕದ ಕೋಣೆಯಲ್ಲಿ ಇರುತ್ತಾಳೆ ಎಂದಳು. ಅಲ್ಲಿ ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸು ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು. ತಾಯಿ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಖಾಲಾ ಮಾತಾಡುವುದು ದಖನಿ.

"ಅಲ್ಲಿ ಇದ್ರ ನಗ್ತಾಳ್ರಿ," ಎಂದು ತಾಯಿ ಸ್ವಲ್ಪ ಉತ್ಸಾಹದಿಂದ ಹೇಳಿದಳು. "ಖಾಲಾ ಮಿಷಿನ್ ಗಾಲಿ ಮ್ಯಾಲ ಕೈ ಇಟ್ಟು ಏಕ್, ದೋ ಅಂತ ಅಂದು ಸುಮ್ಮನಾಗ್ತಾಳ. ಈಕಿ ಆಕಿ ಮಾರಿ ನೋಡ್ತಾಳ. ಮಾರಿ ನೋಡಿದ ಮ್ಯಾಲ ತೀನ್ ಅಂದು ಗಾಲಿ ತಿರಗಸ್ತಾಳ. ಈಕಿ ಕೈ ಬಡದು ನಗ್ತಾಳ. ನನ್ನ ಮಾರಿ ಅಷ್ಟ ನೋಡಂಗಿಲ್ರಿ."

ನಾನು ಪೆನ್ನು ತೆಗೆದೆ. "ಅಲ್ಲೇ ಇರೋದು ನೋಡಮ್ಮ ತೊಂದರೆ. ಮನೇಲಿ ಒಂದು, ಪಕ್ಕದಲ್ಲಿ ಇನ್ನೊಂದು. ಮಗು ಯಾವುದನ್ನ ಕಲೀಬೇಕು? ಅಲ್ಲಿಗೆ ಕಳಿಸೋದು ನಿಲ್ಲಿಸು." ನಾನು ಚೀಟಿಯ ಮೇಲೆ ಕನ್ನಡದಲ್ಲೇ ಬರೆದೆ, ಯಾರ ಹತ್ತಿರವಾದರೂ ಓದಿಸಿಕೊಳ್ಳಲಿ ಎಂದು. ಒಂದೇ ಭಾಷೆ. ಪಕ್ಕದ ಮನೆಗೆ ಬೇಡ. ಕೆಳಗೆ ಸಹಿ ಹಾಕಿ ಮೊಹರು ಒತ್ತಿದೆ. ಇಷ್ಟಕ್ಕೆ ಐದು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಆಮೇಲೆ ಮೂರು ವರ್ಷ ಅವಳು ಮಗಳನ್ನು ಜ್ವರಕ್ಕೆ, ಲಸಿಕೆಗೆ ಕರೆತರುತ್ತಿದ್ದಳು. ಹೋಗುವ ಮೊದಲು ನಾನು "ಮಾತು ಬಂತಾ?" ಎನ್ನುತ್ತಿದ್ದೆ. "ಇಲ್ರಿ. ಒಂದ ಭಾಷಾದಾಗ ನಡಸೀವ್ರಿ," ಎನ್ನುತ್ತಿದ್ದಳು. ಕೆಲಸದಲ್ಲಿ ಕಲಿತ ತಮಿಳು ಮಾತು ಆಡಿದ್ದಕ್ಕೆ ಗಂಡನಿಗೆ ಬೈದಳಂತೆ. ಊರಿನಲ್ಲಿ ಎಲ್ಲರಂತೆ ಉರ್ದು ಕಲಿತು ಬೆಳೆದವಳು, ಮಗಳ ಮುಂದೆ ಅದರ ಒಂದು ಶಬ್ದ ಬಾಯಿಗೆ ಬಂದರೂ ನುಂಗಿಕೊಳ್ಳುತ್ತಿದ್ದಳಂತೆ. ಎಷ್ಟು ಶಿಸ್ತಿನ ತಾಯಿ ಎಂದು ನಾನು ಕಾಂಪೌಂಡರನ ಮುಂದೆ ಮೆಚ್ಚಿಕೊಂಡಿದ್ದೆ. ಮಗಳ ಎಡಗೈ ಮಣಿಕಟ್ಟಿಗೆ ಯಾವಾಗಲೂ ಬಟ್ಟೆ ಸುತ್ತಿರುತ್ತಿತ್ತು. ಕಚ್ಚಿಕೊಳ್ಳುತ್ತಾಳೆ ಎಂದಳು. ಮುಲಾಮು ಬರೆದುಕೊಟ್ಟೆ.

ನನ್ನ ಕಣ್ಣು ತೆರೆದದ್ದು ಯಾವ ಜ್ಞಾನದ ಹಂಬಲದಿಂದಲೂ ಅಲ್ಲ. ಇಂದಿರಾನಗರದ ಒಂದು ಸಭಾಂಗಣದಲ್ಲಿ ಮಕ್ಕಳ ಡಾಕ್ಟರುಗಳಿಗೆ ಆಟಿಸಂ ಬಗ್ಗೆ ಎರಡು ದಿನದ ತರಬೇತಿ ಇತ್ತು, ಊಟ ಚೆನ್ನಾಗಿರುತ್ತದೆ ಎಂದು ಗೆಳತಿ ಕರೆದಳು, ಹೋದೆ. ಅದರ ಬಗ್ಗೆ ನಾವು ಓದುವಾಗ ಪುಸ್ತಕದಲ್ಲಿ ಅರ್ಧ ಪುಟ ಇತ್ತು, ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನೂ ಬಿಟ್ಟಿದ್ದೆವು. ಮೊದಲ ದಿನ ಮಧ್ಯಾಹ್ನ ತರಬೇತಿ ಕೊಡುವಾಕೆ ಒಂದು ವಿಡಿಯೊ ಹಾಕಿದಳು. ಎರಡು ವರ್ಷದ ಮಗು, ಎದುರಿಗೆ ಒಬ್ಬ ಟೀಚರು, ಅವಳ ಕೈಯಲ್ಲಿ ಬುಗುರಿ. ಟೀಚರು ಒಂದು, ಎರಡು ಎಂದು ಎಣಿಸಿ ಸುಮ್ಮನಾದಳು. ಮಗು ಅವಳ ಮುಖ ನೋಡಿತು. ಮೂರು ಎಂದು ಬುಗುರಿ ಬಿಟ್ಟಳು, ಮಗು ನಕ್ಕಿತು. "ಇಷ್ಟೇ ಮಾಡೋದು," ಎಂದಳು ತರಬೇತಿಯಾಕೆ. "ಮಗುವಿಗೆ ಇಷ್ಟವಾದ ಒಂದು ವಸ್ತು ಹಿಡ್ಕೊಂಡು ಕಾಯ್ಬೇಕು. ಅದು ನಿಮ್ಮನ್ನ ನೋಡೋವರೆಗೂ ಕಾಯ್ಬೇಕು. ಎಷ್ಟು ಸಣ್ಣ ವಯಸ್ಸಿಗೆ ಶುರು ಮಾಡ್ತೀರೋ ಅಷ್ಟು ಒಳ್ಳೇದು."

ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಅಲ್ಲಿ ಕೂತ ಡಾಕ್ಟರುಗಳೆಲ್ಲ ಬರೆದುಕೊಳ್ಳುತ್ತಿದ್ದ ಪಾಠವನ್ನು ಬೈಯಪ್ಪನಹಳ್ಳಿಯ ಒಬ್ಬ ಹೊಲಿಗೆಯ ಹೆಂಗಸು ಯಾರೂ ಹೇಳಿಕೊಡದೆ ದಿನವೂ ಮಾಡುತ್ತಿದ್ದಳು. ಆ ಹುಡುಗಿಗೆ ಬೇಕಾಗಿದ್ದ ಚಿಕಿತ್ಸೆ ಸರಿಯಾದ ವಯಸ್ಸಿನಲ್ಲಿ, ಸರಿಯಾದ ಕೈಯಿಂದ, ಗೋಡೆಯ ಆಚೆಯೇ ಸಿಗುತ್ತಿತ್ತು. ನಾನು ಅದನ್ನು ಸಹಿ ಹಾಕಿ ನಿಲ್ಲಿಸಿದ್ದೆ.

ಹಲಸೂರಿನಿಂದ ಬೈಯಪ್ಪನಹಳ್ಳಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ನಾನು ಮರುದಿನವೇ ಹೋಗಬಹುದಿತ್ತು. ಹೋಗಲಿಲ್ಲ. ವಿಳಾಸ ಗೊತ್ತಿಲ್ಲ ಎಂದು ಒಂದು ವಾರ, ಕೆಲಸ ಜಾಸ್ತಿ ಎಂದು ಒಂದು ತಿಂಗಳು ಕಳೆದೆ. ಅವಳೇ ಬರಲಿ ಎಂದು ಕಾದೆ. ಹೆದರಿಕೆ ಎನ್ನುವುದಕ್ಕೆ ಬೇರೆ ಹೆಸರು ಬೇಡ.

ನಾಲ್ಕು ತಿಂಗಳಿಗೆ ಅವಳೇ ಬಂದಳು. ಹುಡುಗಿಗೆ ಆಗ ಆರು ವರ್ಷ. ಶಾಲೆಗೆ ಸೇರಿಸಲು ಹೋದರೆ, ಮಗುವನ್ನು ಒಮ್ಮೆ ನೋಡಿ ವಾಪಸು ಕಳಿಸಿದ್ದರು. ನಾನು ಅವತ್ತು ಹೊರಗಿನ ಕ್ಯೂ ನೋಡಲಿಲ್ಲ. ಒಂದು ಗಂಟೆ ಹುಡುಗಿಯ ಜೊತೆ ನೆಲದ ಮೇಲೆ ಕೂತೆ. ಆಮೇಲೆ ತಾಯಿಗೆ ಆಟಿಸಂ ಎಂದರೆ ಏನೆಂದು ನಿಧಾನವಾಗಿ ಹೇಳಿದೆ. ಇದು ಯಾರ ಶಾಪವೂ ಅಲ್ಲ, ನೀನು ಬಸುರಿಯಾಗಿದ್ದಾಗ ಏನೋ ತಿಂದು ಆದದ್ದಲ್ಲ, ಅವಳು ಹುಟ್ಟಿದ್ದೇ ಹೀಗೆ, ಲೋಕವನ್ನು ನೋಡುವ ರೀತಿ ಬೇರೆ ಎಂದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಮೊದ್ಲ ತೋರಿಸಿದ್ರ ಏನಾರ ಆಗ್ತಿತ್ತೇನ್ರಿ?" ಎಂದು ಕೇಳಿದಳು.

ಮೊದಲೇ ತೋರಿಸಿದ್ದಳು. ಇದೇ ಕುರ್ಚಿಯಲ್ಲಿ ಕೂತು ತೋರಿಸಿದ್ದಳು. ನಾನು ಅವಳ ಮುಖ ನೋಡದೆ, "ಈಗಲೂ ತಡ ಏನಿಲ್ಲ," ಎಂದೆ.

ಅವಳು ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮಡಿಕೆಗಳಲ್ಲಿ ಸವೆದು ನಾಲ್ಕು ತುಂಡಾಗುವ ಹಾಗಿತ್ತು. ನನ್ನ ಅಕ್ಷರ, ನನ್ನ ಮೊಹರು. "ನೀವು ಬರದು ಕೊಟ್ಟ ಇದನ್ನ ಇನ್ನೂ ನಡಸಬೇಕೇನ್ರಿ, ಬಿಡಬೇಕೇನ್ರಿ?" ಎಂದಳು. ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಔಷಧಿಯ ಕೋರ್ಸು ಮುಗಿಯಿತೇ ಎಂದು ಕೇಳುವವರ ಹಾಗೆ ಕೇಳಿದಳು. ಮೂರೂವರೆ ವರ್ಷ ಒಂದು ದಿನ ತಪ್ಪದೆ ನನ್ನ ಮಾತು ಪಾಲಿಸಿದ್ದಳು, ನಿಲ್ಲಿಸಲೂ ನನ್ನ ಅಪ್ಪಣೆ ಬೇಕಿತ್ತು.

ಬಿಡಿ, ನಾನು ತಪ್ಪು ಹೇಳಿದ್ದೆ ಎಂದೆ. ಅಷ್ಟು ಹೇಳುವಾಗ ಮೊದಲ ಸಲ ಅವಳನ್ನು ಬಹುವಚನದಲ್ಲಿ ಮಾತಾಡಿಸಿದೆ. ಅವಳು ಚೀಟಿಯನ್ನು ಮತ್ತೆ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಹರಿದು ಹಾಕುತ್ತಾಳೆ ಎಂದು ನಾನು ಕಾದಿದ್ದೆ. "ಖಾಲಾ ಈಗ ಎಲ್ಲಿದ್ದಾರೆ?" ಎಂದು ಕೇಳಿದೆ. ಮನೆ ಬಿಟ್ಟು ಹೋದಳು ಎಂದಷ್ಟೇ ಹೇಳಿದಳು.

ಹುಡುಗಿಯನ್ನು ಒಂದು ಸಣ್ಣ ತರಬೇತಿ ಕೇಂದ್ರಕ್ಕೆ ಸೇರಿಸಿದೆವು. ಅಲ್ಲಿ ಅವಳಿಗೆ ಚಿತ್ರದ ಕಾರ್ಡುಗಳನ್ನು ಕೊಟ್ಟು, ಬೇಕಾದ್ದನ್ನು ಕೇಳುವುದನ್ನು ಕಲಿಸಿದರು. ಬಹಳ ನಿಧಾನವಾಗಿ ಕಲಿತಳು. ಅವಳಿಗೆ ಒಂಬತ್ತು ವರ್ಷ ಇದ್ದಾಗ ಒಂದು ಬೆಳಿಗ್ಗೆ ತಾಯಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಕ್ಲಿನಿಕ್ಕಿಗೆ ಬಂದು, ಬಾಗಿಲಲ್ಲೇ ನಿಂತು, "ನಿನ್ನೆ ನೀರು ಕೇಳಿದ್ಳ್ರಿ," ಎಂದಳು. ಲೋಟದ ಚಿತ್ರವನ್ನು ತಂದು ಅಮ್ಮನ ಕೈಯಲ್ಲಿ ಇಟ್ಟಿದ್ದಳಂತೆ. ಕಾಂಪೌಂಡರು ಖುಷಿಯಿಂದ ಎಲ್ಲರಿಗೂ ಕಾಫಿ ತರಿಸಿದ. ನಾನು ಒಳಗೆ ಹೋಗಿ ಕೂತು ಅತ್ತೆ. ಒಂಬತ್ತು ವರ್ಷ ಈ ಹುಡುಗಿ ಬಾಯಾರಿದಾಗಲೆಲ್ಲ ಯಾರಿಗೂ ಹೇಳಲಾಗದೆ ಕೈ ಕಚ್ಚಿಕೊಂಡಿದ್ದಳು. ನಾನು ಮುಲಾಮು ಬರೆದಿದ್ದೆ.

ಅಲ್ಲಿಂದ ನಾನು ಊರೂರು ತಿರುಗಿ ಮಾತಾಡುವವಳಾದೆ. ಅಂಗನವಾಡಿ, ನರ್ಸರಿ, ಡಾಕ್ಟರುಗಳ ಸಭೆ, ಎಲ್ಲಿ ಕರೆದರೂ ಹೋದೆ, ಕರೆಯದಿದ್ದಲ್ಲಿಗೂ ಹೋದೆ. ಕಾಯಬೇಡಿ, ತಾಯಿ ಹೇಳುವುದನ್ನು ಕೇಳಿ, ಎರಡು ವರ್ಷಕ್ಕೇ ನೆರವು ಶುರು ಮಾಡಿ ಎಂದೆ. ಬೇಗ ಬಂದರೆ ಆಟಿಸಂ ಹೋಗುತ್ತದೆ ಎಂದು ನಾನು ಎಂದೂ ಹೇಳಲಿಲ್ಲ. ಅದು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ನೀರು ಕೇಳುವ ದಾರಿ ಬೇಗ ಸಿಗುತ್ತದೆ, ಆ ಮಗುವಿಗೆ ಅದೇ ದೊಡ್ಡದು. ಜೊತೆಯ ಡಾಕ್ಟರುಗಳು ನಕ್ಕರು. "ಮೇಡಂ, ಸುಮ್ನೆ ತಾಯಂದಿರನ್ನ ಹೆದರಿಸ್ತೀರಲ್ಲ, ಗಂಡು ಮಕ್ಕಳು ಲೇಟಾಗೇ ಮಾತಾಡೋದು," ಎಂದರು. ಒಂದು ಕಚೇರಿಯಲ್ಲಿ, ಅಂಗನವಾಡಿಗಳಲ್ಲೇ ಮಕ್ಕಳನ್ನು ತಪಾಸಣೆ ಮಾಡಿ ಎಂಬ ನನ್ನ ಮನವಿಯನ್ನು ಎರಡು ವರ್ಷ ಇಟ್ಟುಕೊಂಡು, ಕೊನೆಗೆ ಅದರ ಇನ್ನೊಂದು ಪ್ರತಿ ತನ್ನಿ ಎಂದರು. ನಾನು ಜಗಳವಾಡಿದೆ, ಮೇಜು ಕುಟ್ಟಿದೆ. ಎಂಥ ಕಳಕಳಿ ಎಂದು ಜನ ಶಾಲು ಹೊದಿಸಿದರು. ಅದರಲ್ಲಿ ಕಳಕಳಿ ಎಷ್ಟು, ನನ್ನ ಮೇಲೆ ನನಗಿದ್ದ ಸಿಟ್ಟು ಎಷ್ಟು ಎಂದು ಯಾರೂ ಕೇಳಲಿಲ್ಲ.

ಪ್ರತಿ ಸಭೆಯಲ್ಲೂ ನಾನು ಆ ಚೀಟಿಯ ಕಥೆ ಹೇಳುತ್ತಿದ್ದೆ. ಕಥೆ ಚೆನ್ನಾಗಿ ನಾಟುತ್ತಿತ್ತು. ಹೇಳುವಾಗ ಮಾತ್ರ "ಒಬ್ಬ ಡಾಕ್ಟರು" ಎನ್ನುತ್ತಿದ್ದೆ. ಹೀಗೆ ನಾಲ್ಕು ವರ್ಷ ಹೇಳಿದೆ.

ಎರಡು ಸಾವಿರದ ಇಸವಿಯ ನಂತರ ಅಂಥ ಒಂದು ಸಭೆಗೆ ಆ ತಾಯಿಯನ್ನೂ ಕರೆದುಕೊಂಡು ಹೋದೆ, ತಾಯಿಯ ಬಾಯಿಂದಲೇ ಜನ ಕೇಳಲಿ ಎಂದು. ಮಗಳಿಗೆ ಆಗ ಹದಿಮೂರು. ತಾಯಿ ಮೈಕಿನ ಮುಂದೆ ನಿಂತು ತನ್ನ ಭಾಷೆಯಲ್ಲಿ ನೇರವಾಗಿ ಹೇಳಿದಳು, ಕರೆದರೆ ತಿರುಗದ್ದು, ಚೀಟಿ, ಶಾಲೆ, ನೀರು, ಎಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಎಳೆಯ ಡಾಕ್ಟರು ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. "ಅಮ್ಮ, ಆ ಡಾಕ್ಟರ್ ಯಾರು ಅಂತ ಹೇಳಿ. ಅಂಥವರ ಮೇಲೆ ಕಂಪ್ಲೇಂಟ್ ಕೊಡ್ಬೇಕು." ನಾನು ಅವಳಿಂದ ಮೂರು ಅಡಿ ದೂರದ ಕುರ್ಚಿಯಲ್ಲಿ, ಶಾಲು ಹೊದ್ದು ಕೂತಿದ್ದೆ. ಬಾಯಿ ತೆರೆಯಲಿಲ್ಲ.

ಅವಳು ನನ್ನ ಕಡೆ ತಿರುಗಲೂ ಇಲ್ಲ. "ಹೆಸರ ನೆನಪಿಲ್ರಿ," ಎಂದಳು. "ಆಗ ನಮಗ ಈ ಊರ ಹೊಸಾದು."

ಹೊರಗೆ ಆಟೊಗೆ ಕಾಯುವಾಗ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮ್ಮ ಹೆಸರ ಹೇಳಿದ್ರ ನನ್ನ ಮಗಳು ಮತ್ತ ಎರಡು ವರ್ಷದಾಕಿ ಆಗ್ತಾಳೇನ್ರಿ? ಇಲ್ಲಿ ಕುಂತ ಮಂದಿ ನಿಮ್ಮ ಮಾತ ಕೇಳಿ ತಮ್ಮ ಹುಡುಗ್ರನ್ನ ಲಗೂ ತೋರಸ್ತಾರ. ಅದನ್ಯಾಕ ಕೆಡಸ್ಲಿ." ಆಮೇಲೆ ಹೇಳಿದಳು, "ನನಗ ಒಂದ ಕೆಲಸ ಮಾಡಿ ಕೊಡ್ರಿ. ಖಾಲಾ ಕೆ.ಆರ್. ಪುರದಾಗ ತಮ್ಮನ ಮನ್ಯಾಗ ಅದಾಳ. ಆವತ್ತ ನಾ ಡಾಕ್ಟರ್ ಹೇಳ್ಯಾರ, ಹುಡುಗಿನ್ನ ಕಳಸಂಗಿಲ್ಲ ಅಂದೆ. ಅದಕ್ಕ ಆಕಿ, ಪ್ರೀತಿ ಮಾಡೋರ ಹತ್ರ ಬಿಡಬ್ಯಾಡ ಅಂತ ಯಾವ ಡಾಕ್ಟರ್ ಹೇಳ್ತಾರ, ಸುಳ್ಳ ಹೇಳ್ತಿ ಅಂದ್ಳು. ಜಾತಿ ನೋಡಿ ಬಿಡಿಸಿದ್ರು ಅಂತ ತಿಳಕೊಂಡು ಮನಿ ಬಿಟ್ಟು ಹೋದ್ಳು. ಇಂದಿಗೂ ನನ್ನ ಸಂಗಟ ಮಾತಾಡಂಗಿಲ್ಲ. ಬಿಡಿಸಿದ್ದು ನಾವಲ್ಲ ಅಂತ ನೀವ ಹೋಗಿ ಹೇಳ್ರಿ."

ಅದಾದ ಮೇಲೆ ನಾನು ಸಭೆಗಳಲ್ಲಿ "ಆ ಡಾಕ್ಟರು ನಾನೇ" ಎಂದು ಹೇಳತೊಡಗಿದೆ. ಹೇಳಿದಾಗಲೆಲ್ಲ ಜನ ಚಪ್ಪಾಳೆ ತಟ್ಟುತ್ತಾರೆ, ಎಷ್ಟು ಪ್ರಾಮಾಣಿಕತೆ ಎಂದು. ಆ ಚಪ್ಪಾಳೆಯ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತದೆ. ಆದರೆ ಆ ಮಾತನ್ನು ಮೊದಲು ಹೇಳಿದ್ದು ಸಭೆಯಲ್ಲಲ್ಲ. ಕೆ.ಆರ್. ಪುರದ ಸಂತೆಯ ಹಿಂದಿನ ಗಲ್ಲಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ತಾಯಿ ಮಗಳಿಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ ಹೇಳಿದೆ.

ಖಾಲಾಗೆ ಕಣ್ಣು ಮಂಜಾಗಿತ್ತು. ಹೊಲಿಗೆ ಬಿಟ್ಟು ವರ್ಷಗಳಾಗಿದ್ದವು, ಮಿಷಿನ್ನಿನ ಮೇಲೆ ಹಳೇ ದುಪ್ಪಟ್ಟ ಮುಚ್ಚಿತ್ತು. ನಾನು ದಖನಿಯಲ್ಲೇ ಎಲ್ಲ ಹೇಳಿದೆ. ಚೀಟಿ ಬರೆದದ್ದು ನಾನು, ಇವಳದು ತಪ್ಪಿಲ್ಲ ಎಂದೆ. ತಾಯಿ ಸೆರಗಿನಿಂದ ಆ ಚೀಟಿ ತೆಗೆದು ಖಾಲಾಳ ಕೈಗೆ ಕೊಟ್ಟಳು. ಅದನ್ನು ಯಾಕೆ ಅಷ್ಟು ವರ್ಷ ಹರಿಯದೆ ಇಟ್ಟುಕೊಂಡಿದ್ದಳು ಎಂದು ನನಗೆ ಆಗ ತಿಳಿಯಿತು. ಖಾಲಾ ಅದನ್ನು ಕಣ್ಣಿನ ಹತ್ತಿರ ಹಿಡಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮೊಹರಿನ ಮೇಲೆ ಬೆರಳಾಡಿಸಿದಳು.

ಆಮೇಲೆ ಚೀಟಿಯ ಭಾಷೆಯಲ್ಲೇ ಹೇಳಬೇಕೆಂದೋ ಏನೋ, ಕನ್ನಡದಲ್ಲೇ ನನಗೆ ಹೇಳಿದಳು. "ನಾನು ಆ ಮನೇಲಿ ಇನ್ನೂ ಒಂದು ವರ್ಷ ಇದ್ದೆ ಡಾಕ್ಟರಮ್ಮ. ಹಗಲೆಲ್ಲ ಬಾಗಿಲು ಹಾಕ್ತಿರ್ಲಿಲ್ಲ. ಮಗುಗೆ ಚಿಲಕ ತೆಗೆಯೋಕೆ ಬರಲ್ಲ ಅಂತ."

ಅವಳು ಎದ್ದು ದುಪ್ಪಟ್ಟ ಸರಿಸಿದಳು. ಗಾಲಿಯ ಮೇಲೆ ಕೈ ಇಟ್ಟು, ಏಕ್, ದೋ ಎಂದು ಸುಮ್ಮನಾದಳು. ಹುಡುಗಿ ಕೋಣೆಯ ಮಧ್ಯೆ ನಿಂತು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದಳು. ಖಾಲಾ ಕಾದಳು. ಅವಳಷ್ಟು ಚೆನ್ನಾಗಿ ಕಾಯುವವರನ್ನು ನಾನು ಯಾವ ತರಬೇತಿಯಲ್ಲೂ ನೋಡಿಲ್ಲ. ಮತ್ತೊಮ್ಮೆ ಎಣಿಸಿ ಮತ್ತೆ ಕಾದಳು. ಹುಡುಗಿ ಅವಳ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ತನ್ನ ಚೀಲದಿಂದ ಒಂದು ಕಾರ್ಡು ಹುಡುಕಿ ತೆಗೆದು ಅಮ್ಮನ ಕೈಯಲ್ಲಿಟ್ಟಳು. ಮನೆಯ ಚಿತ್ರ.

"ಏನಂತಾಳೆ?" ಎಂದು ಖಾಲಾ ಕೇಳಿದಳು.

"ಮನಿಗೆ ಹೋಗೂಣು ಅಂತಾಳ," ಎಂದಳು ತಾಯಿ.

ಖಾಲಾ ತಲೆಯಾಡಿಸಿದಳು, ಗಾಲಿಯ ಮೇಲಿನ ಕೈ ತೆಗೆಯಲಿಲ್ಲ. ತಾಯಿ ಮಗಳು ಚಪ್ಪಲಿ ಮೆಟ್ಟಿಕೊಂಡು ಗಲ್ಲಿಗೆ ಇಳಿದರು. ಕೊನೆಯಲ್ಲಿ ಹೊರಟ ನಾನು, ರೂಢಿಯಂತೆ ಹಿಂದೆ ಬಾಗಿಲು ಎಳೆಯಲು ಹೋದೆ.

"ಹಾಕ್ಬೇಡಿ ಡಾಕ್ಟರಮ್ಮ," ಎಂದಳು ಒಳಗಿನಿಂದ. "ಹಾಗೇ ಬಿಟ್ಟು ಹೋಗಿ."